ಯುವಿಯೈಟಿಸ್‌ಗೆ ವಿಟಮಿನ್ ಡಿ: ಕಾರಣದ ಪ್ರಶ್ನೆ ಬೇರೆ, ಚಿಕಿತ್ಸೆಯ ಪ್ರಶ್ನೆ ಬೇರೆ

ವಿಟಮಿನ್ ಡಿ ಬಗ್ಗೆ ಈಚಿನ ವರ್ಷಗಳಲ್ಲಿ ಬಂದ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ದೇಹದಲ್ಲಿ ವಿಟಮಿನ್ ಡಿ ಕಡಿಮೆ ಇರುವುದು ಯುವಿಯೈಟಿಸ್ ಎಂಬ ಕಣ್ಣಿನ ಉರಿಯೂತಕ್ಕೆ ಒಂದು ಕಾರಣವೇ ಇರಬಹುದು ಎಂದು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ಆರೋಗ್ಯವಾಗಿರುವ ವಯಸ್ಕರು ಸುಮ್ಮಸುಮ್ಮನೆ ವಿಟಮಿನ್ ಡಿ ಪರೀಕ್ಷೆ ಮಾಡಿಸಬೇಕಿಲ್ಲ ಎಂದು 2024ರ ಜೂನ್‌ನಲ್ಲಿ ಹಾರ್ಮೋನ್ ತಜ್ಞರ ಸಂಸ್ಥೆಯಾದ ಅಮೆರಿಕದ ಎಂಡೋಕ್ರೈನ್ ಸೊಸೈಟಿ ಹೇಳಿತು. ಒಂದು ಕಡೆ ಕೊರತೆಯಿಂದ ಕಣ್ಣಿಗೇ ಅಪಾಯ ಅಂತಾರೆ, ಇನ್ನೊಂದು ಕಡೆ ಪರೀಕ್ಷೆಯೇ ಬೇಡ ಅಂತಾರೆ. ಯಾವುದನ್ನು ನಂಬಬೇಕು?

ಎರಡೂ ಸರಿ ಇರಬಹುದು. ಯಾಕೆಂದರೆ ಅವು ಉತ್ತರ ಕೊಡುತ್ತಿರುವುದು ಬೇರೆ ಬೇರೆ ಪ್ರಶ್ನೆಗಳಿಗೆ. ಕಾಯಿಲೆ ಯಾರಿಗೆ ಬರುತ್ತದೆ ಎಂಬುದು ಒಂದು ಪ್ರಶ್ನೆ. ಬಂದ ಕಾಯಿಲೆಯನ್ನು ಯಾವುದು ಇಳಿಸುತ್ತದೆ ಎಂಬುದು ಇನ್ನೊಂದು. ಕೊರತೆಯಿಂದ ಕಾಯಿಲೆ ಬಂತು ಅಂದಮೇಲೆ ಕೊರತೆ ತುಂಬಿಸಿದರೆ ಕಾಯಿಲೆ ಹೋಗಬೇಕು ಅಲ್ವಾ ಎಂದು ಮನಸ್ಸು ತಾನೇ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಈ ಹಾರಿಕೆಯನ್ನೇ ಸ್ವಲ್ಪ ನಿಧಾನವಾಗಿ ನೋಡಬೇಕಾಗಿದೆ. ಇಲ್ಲಿ ತಪ್ಪಿದರೆ ಹೋಗುವುದು ಕಣ್ಣು.

ಮದ್ರಾಸ್ ಐ ಅಲ್ಲದ ಕೆಂಪು

ಕಣ್ಣಿನ ಹೊರಗೋಡೆಗೂ ರೆಟಿನಾಕ್ಕೂ ನಡುವೆ ರಕ್ತನಾಳಗಳು ತುಂಬಿದ ಒಂದು ಪದರ ಇದೆ. ಅದಕ್ಕೆ ಯುವಿಯಾ ಎಂದು ಹೆಸರು. ಮುಂದೆ ಬಣ್ಣದ ಐರಿಸ್, ಅದರ ಹಿಂದೆ ಸಿಲಿಯರಿ ಬಾಡಿ, ಇನ್ನೂ ಹಿಂದೆ ಕೋರಾಯ್ಡ್, ಈ ಮೂರೂ ಸೇರಿ ಯುವಿಯಾ. ಇಲ್ಲಿ ಉರಿಯೂತ ಬಂದರೆ ಅದು ಯುವಿಯೈಟಿಸ್.

ಮುಂಭಾಗದಲ್ಲಿ ಬಂದಾಗ ಕಣ್ಣು ಕೆಂಪಾಗುತ್ತದೆ, ನೋಯುತ್ತದೆ, ಬೆಳಕು ನೋಡಲಾಗುವುದಿಲ್ಲ, ದೃಷ್ಟಿ ಮಂಜಾಗುತ್ತದೆ. ನಮ್ಮಲ್ಲಿ ಕಣ್ಣು ಕೆಂಪಾದರೆ ಮೊದಲು ಬಾಯಿಗೆ ಬರುವ ಮಾತು ಮದ್ರಾಸ್ ಐ. ಆದರೆ ಮದ್ರಾಸ್ ಐನಲ್ಲಿ ನೀರು, ಪಿಸುರು ಜಾಸ್ತಿ. ಯುವಿಯೈಟಿಸ್‌ನಲ್ಲಿ ಪಿಸುರು ಇರುವುದಿಲ್ಲ, ಒಳಗಿನ ನೋವು ಮತ್ತು ಬೆಳಕಿನ ಕಿರಿಕಿರಿ ಜಾಸ್ತಿ. ಹಿಂಭಾಗದಲ್ಲಿ ಬಂದರಂತೂ ಕಣ್ಣು ಕೆಂಪಾಗದೆಯೂ ಇರಬಹುದು. ಕಣ್ಣ ಮುಂದೆ ಕಪ್ಪು ಚುಕ್ಕೆಗಳು ತೇಲುವುದು, ದೃಷ್ಟಿ ಇಳಿಯುವುದು, ಇಷ್ಟೇ ಸುಳಿವು.

ಡಾಕ್ಟರು ಇದನ್ನು ಪತ್ತೆ ಹಚ್ಚುವುದು ಸ್ಲಿಟ್ ಲ್ಯಾಂಪ್ ಎಂಬ ಯಂತ್ರದಲ್ಲಿ. ಗದ್ದವನ್ನು ಅದರ ಪಟ್ಟಿಯ ಮೇಲೆ ಇಡಿಸಿ, ಕತ್ತಲೆ ಕೋಣೆಯಲ್ಲಿ ಒಂದು ಮಿಲಿಮೀಟರ್ ಅಗಲ, ಒಂದು ಮಿಲಿಮೀಟರ್ ಎತ್ತರದ ಬೆಳಕನ್ನು ಕಣ್ಣಿನೊಳಗೆ ಹಾಯಿಸುತ್ತಾರೆ. ಆರೋಗ್ಯವಾದ ಕಣ್ಣಿನ ಮುಂಭಾಗದ ದ್ರವ ಸ್ವಚ್ಛ, ಏನೂ ಕಾಣುವುದಿಲ್ಲ. ಉರಿಯೂತ ಇದ್ದರೆ ಹೆಂಚಿನ ಸಂದಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಧೂಳು ಆಡುವ ಹಾಗೆ ಬಿಳಿ ರಕ್ತಕಣಗಳು ತೇಲುತ್ತಿರುತ್ತವೆ. ಅವುಗಳನ್ನು ಎಣಿಸುತ್ತಾರೆ. 6ರಿಂದ 15 ಕಂಡರೆ ಒಂದು ಪ್ಲಸ್, 16ರಿಂದ 25 ಕಂಡರೆ ಎರಡು ಪ್ಲಸ್, 50 ದಾಟಿದರೆ ನಾಲ್ಕು ಪ್ಲಸ್. ಮದ್ದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಹೇಳುವುದು ಈ ಲೆಕ್ಕ.

ತಡ ಮಾಡಿದರೆ ಐರಿಸ್ ಹಿಂದಿನ ಮಸೂರಕ್ಕೆ ಅಂಟಿಕೊಳ್ಳುತ್ತದೆ, ದುಂಡಗಿದ್ದ ಪಾಪೆ ಸೊಟ್ಟಗಾಗುತ್ತದೆ. ಪೊರೆ, ಗ್ಲಾಕೋಮಾ, ರೆಟಿನಾದ ನಡುಭಾಗದಲ್ಲಿ ನೀರು ತುಂಬುವುದು ಎಲ್ಲವೂ ಹಿಂದೆಯೇ ಬರಬಹುದು. ವಾರಗಳ ಲೆಕ್ಕದಲ್ಲಿ ಹಾಳಾಗುವ ಕಾಯಿಲೆ ಇದು. ಮೂರು ತಿಂಗಳು ಮಾತ್ರೆ ನುಂಗಿ ಆಮೇಲೆ ನೋಡೋಣ ಎನ್ನುವಷ್ಟು ಸಮಯ ಕೊಡುವುದಿಲ್ಲ.

ಕಾರಣಗಳೂ ಒಂದೇ ಅಲ್ಲ. ಸೋಂಕಿನಿಂದ ಬರುವುದು ಒಂದು ಬಗೆ: ಟಿ.ಬಿ., ಹರ್ಪಿಸ್, ಟಾಕ್ಸೊಪ್ಲಾಸ್ಮಾ, ಇಲಿಜ್ವರ. 2006ರಲ್ಲಿ ಕರ್ನಾಟಕವನ್ನು ಚಿಕುನ್‌ಗುನ್ಯಾ ಕಾಡಿದ ಮೇಲೆ ಅದರ ಹಿಂದೆಯೇ ಬಂದ ಕಣ್ಣಿನ ಉರಿಯೂತಗಳನ್ನು ಬೆಂಗಳೂರಿನ ವೈದ್ಯರು ದಾಖಲಿಸಿದ್ದರು. ಇನ್ನೊಂದು ಬಗೆಯಲ್ಲಿ ಸೋಂಕು ಇರುವುದಿಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಕಣ್ಣಿನ ಮೇಲೆ ತಿರುಗಿ ಬೀಳುತ್ತದೆ. ಬೆನ್ನುಮೂಳೆ ಬಿಗಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಮಕ್ಕಳ ಸಂಧಿವಾತ, ಸಾರ್ಕಾಯ್ಡೋಸಿಸ್, ಬೆಹ್ಸೆಟ್ ಮೊದಲಾದವುಗಳ ಜೊತೆ ಬರುವುದು ಇದು. ವಿಟಮಿನ್ ಡಿ ಚರ್ಚೆ ನಡೆಯುತ್ತಿರುವುದು ಈ ಎರಡನೇ ಬಗೆಯ ಬಗ್ಗೆ. ಸುದ್ದಿಗಳಲ್ಲಿ ಈ ಗೆರೆ ಅಳಿಸಿಹೋಗುತ್ತದೆ.

ಮೂಳೆಯ ವಿಟಮಿನ್‌ಗೆ ಕಣ್ಣಿನಲ್ಲಿ ಏನು ಕೆಲಸ?

ಬಿಸಿಲಿನ ಯುವಿ-ಬಿ ಕಿರಣ ಚರ್ಮಕ್ಕೆ ಬಿದ್ದಾಗ ವಿಟಮಿನ್ ಡಿ ತಯಾರಾಗುತ್ತದೆ. ಅದು ಹಾಗೇ ಕೆಲಸಕ್ಕೆ ಬರುವುದಿಲ್ಲ. ಲಿವರ್‌ನಲ್ಲಿ ಒಮ್ಮೆ, ಕಿಡ್ನಿಯಲ್ಲಿ ಇನ್ನೊಮ್ಮೆ ಬದಲಾಗಿ ಕ್ಯಾಲ್ಸಿಟ್ರಿಯಾಲ್ ಎಂಬ ಹಾರ್ಮೋನ್ ಆಗಬೇಕು. ಕರುಳಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳಲು ನೆರವಾಗುವುದು ಇದರ ಹಳೆಯ, ಎಲ್ಲರಿಗೂ ಗೊತ್ತಿರುವ ಕೆಲಸ.

ಹೊಸದಾಗಿ ತಿಳಿದದ್ದು ಏನೆಂದರೆ, ರಕ್ಷಣಾ ಕೋಶಗಳಿಗೂ ವಿಟಮಿನ್ ಡಿಯನ್ನು ಗುರುತಿಸುವ ಗ್ರಾಹಕ (ರಿಸೆಪ್ಟರ್) ಇದೆ. ಕೆಲವು ಕೋಶಗಳು ಕಿಡ್ನಿಯ ಕೆಲಸವನ್ನು ತಾವೇ ಮಾಡಿಕೊಂಡು, ಇದ್ದಲ್ಲೇ ಕ್ಯಾಲ್ಸಿಟ್ರಿಯಾಲ್ ತಯಾರಿಸಿಕೊಳ್ಳುತ್ತವೆ. ಇದು ಟಿ-ಹೆಚ್ 17 ಎಂಬ ಉಗ್ರ ಬಗೆಯ ಕೋಶಗಳನ್ನು ತಗ್ಗಿಸಿ, ಶಾಂತಗೊಳಿಸುವ ಕೋಶಗಳಿಗೆ ಬಲ ಕೊಡುತ್ತದೆ. ಯುವಿಯೈಟಿಸ್‌ನಲ್ಲಿ ದಾಂಧಲೆ ಮಾಡುವವುಗಳಲ್ಲಿ ಈ ಟಿ-ಹೆಚ್ 17 ಕೋಶಗಳೂ ಸೇರಿವೆ. 2009ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಈ ಕಾಯಿಲೆ ಬರಿಸಿ, ಕ್ಯಾಲ್ಸಿಟ್ರಿಯಾಲ್ ಕೊಟ್ಟರೆ ಅದು ತಗ್ಗುವುದನ್ನು ತೋರಿಸಿದರು. ಆದರೆ ಇಲಿಗಳಿಗೆ ಕೊಟ್ಟದ್ದು ಪೂರ್ತಿ ತಯಾರಾದ ಹಾರ್ಮೋನ್. ನಾವು ಮೆಡಿಕಲ್ಸ್‌ನಲ್ಲಿ ಕೊಳ್ಳುವುದು ಸಾಮಾನ್ಯವಾಗಿ ಅದರ ಕಚ್ಚಾರೂಪ. ಇಲಿಯ ಫಲಿತಾಂಶವನ್ನು ನೇರವಾಗಿ ಮಾತ್ರೆಗೆ ಅನ್ವಯಿಸಲು ಆಗುವುದಿಲ್ಲ.

ಕೊರತೆ ಮೊದಲೋ, ಕಾಯಿಲೆ ಮೊದಲೋ?

2017ರಲ್ಲಿ ಬಾಸ್ಟನ್ನಿನ ಕಣ್ಣಾಸ್ಪತ್ರೆಯೊಂದರ ಅಧ್ಯಯನ, ವಿಟಮಿನ್ ಡಿ ಕಡಿಮೆ ಇದ್ದವರಲ್ಲಿ ಸೋಂಕಿಲ್ಲದ ಮುಂಭಾಗದ ಯುವಿಯೈಟಿಸ್ ಇರುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಎಂದಿತು. 2020ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದು ರೋಗಿಗಳನ್ನೇ ಎರಡು ಗುಂಪು ಮಾಡಿ ನೋಡಿತು. ಕಾಯಿಲೆ ಕೆರಳಿರುವವರಲ್ಲಿ ವಿಟಮಿನ್ ಮಟ್ಟ ಕಡಿಮೆ, ತಣ್ಣಗಿರುವವರಲ್ಲಿ ಹೆಚ್ಚು.

ಇದನ್ನು ಓದಿದರೆ ಕೊರತೆಯೇ ಕಾರಣ ಅನ್ನಿಸುತ್ತದೆ. ಆದರೆ ಬಾಣವನ್ನು ತಿರುಗಿಸಿಯೂ ನೋಡಬೇಕು. ಯುವಿಯೈಟಿಸ್ ಇದ್ದವರಿಗೆ ಬೆಳಕೇ ಶತ್ರು. ಕಿಟಕಿಗೆ ಪರದೆ ಎಳೆದು ಒಳಗೇ ಕೂರುತ್ತಾರೆ. ಬಿಸಿಲಿಗೆ ಹೋಗದಿದ್ದರೆ ವಿಟಮಿನ್ ಡಿ ಇಳಿಯುತ್ತದೆ. ಬೇಸಿಗೆಯಲ್ಲಿ ಮಕ್ಕಳಿಗೆ ವಿಪರೀತ ತುರಿಕೆ ತರುವ ಕಣ್ಣಿನ ಅಲರ್ಜಿಯಲ್ಲೂ ಇದೇ ಕಥೆ. ಆ ಮಕ್ಕಳಲ್ಲೂ ವಿಟಮಿನ್ ಡಿ ಕಡಿಮೆ ಕಂಡಿದೆ, ಅವರು ಬಿಸಿಲು ತಪ್ಪಿಸಿಕೊಳ್ಳುವುದೇ ಇದಕ್ಕೆ ಕಾರಣ ಇರಬಹುದು ಎಂಬ ವಾದವೂ ಜೊತೆಗೇ ಇದೆ.

ಉರಿಯೂತವೇ ರಕ್ತದಲ್ಲಿನ ಅಳತೆಯನ್ನು ಕೆಳಗಿಳಿಸುತ್ತದೆ ಎಂಬುದು ಇನ್ನೊಂದು ತೊಡಕು. ಮಂಡಿಚಿಪ್ಪಿನ ಆಪರೇಷನ್ ಆದವರ ರಕ್ತವನ್ನು ಮುಂಚೆ, ಆಮೇಲೆ ಪರೀಕ್ಷಿಸಿದ ಅಧ್ಯಯನ 2011ರಲ್ಲಿ ಬಂತು. ಎರಡೇ ದಿನದಲ್ಲಿ ವಿಟಮಿನ್ ಡಿ ಮಟ್ಟ ಜೋರಾಗಿ ಇಳಿದಿತ್ತು. ಅಷ್ಟರಲ್ಲಿ ಯಾರಿಗೂ ಹೊಸದಾಗಿ ಕೊರತೆ ಬರುವುದಿಲ್ಲ. ಅಂದರೆ ಕಣ್ಣು ಕೆರಳಿದ್ದಾಗ ಕೊಟ್ಟ ರಕ್ತದ ರಿಪೋರ್ಟಿನಲ್ಲಿ ಕಾಣುವ ಕಡಿಮೆ ಸಂಖ್ಯೆಯಲ್ಲಿ ಒಂದಷ್ಟು ಭಾಗ ಕಾಯಿಲೆಯ ನೆರಳೇ ಇರಬಹುದು.

ಈ ಗಂಟು ಬಿಡಿಸಲು ಬಂದದ್ದು 2022ರ ಅಧ್ಯಯನ. ಮೆಂಡೇಲಿಯನ್ ರ‍್ಯಾಂಡಮೈಸೇಷನ್ ಎಂಬ ವಿಧಾನ ಅದು. ಕೆಲವರಿಗೆ ಹುಟ್ಟಿನಿಂದಲೇ ವಿಟಮಿನ್ ಡಿ ಸ್ವಲ್ಪ ಕಡಿಮೆ ಇರುವಂಥ ಜೀನುಗಳು ಬಂದಿರುತ್ತವೆ. ಯಾವ ಜೀನು ಯಾರಿಗೆ ಬಂತು ಎಂಬುದು ಬಸಿರಿನಲ್ಲೇ ತೀರ್ಮಾನವಾಗುತ್ತದೆ. ನಲವತ್ತನೇ ವಯಸ್ಸಿನಲ್ಲಿ ಬಂದ ಕಣ್ಣಿನ ಕಾಯಿಲೆ ಹಿಂದಕ್ಕೆ ಹೋಗಿ ಆ ಜೀನನ್ನು ಬದಲಿಸಲಾರದು. ಹಾಗಾಗಿ ಇಂಥ ಜೀನು ಇರುವವರಲ್ಲೇ ಕಾಯಿಲೆ ಹೆಚ್ಚು ಕಂಡರೆ, ಕೊರತೆಯಿಂದ ಕಾಯಿಲೆಯ ಕಡೆಗೆ ಬಾಣ ಹೋಗುತ್ತದೆ ಎನ್ನಲು ಗಟ್ಟಿ ಆಧಾರ ಸಿಗುತ್ತದೆ. ಸೋಂಕಿಲ್ಲದ ಯುವಿಯೈಟಿಸ್ ಮತ್ತು ಕಣ್ಣಿನ ಬಿಳಿಭಾಗದ ಉರಿಯೂತವಾದ ಸ್ಕ್ಲೆರೈಟಿಸ್, ಎರಡರಲ್ಲೂ ಹಾಗೆಯೇ ಕಂಡಿತು.

ಇದುವರೆಗಿನ ಸಾಕ್ಷ್ಯಗಳಲ್ಲಿ ನನಗೆ ಹೆಚ್ಚು ತೂಕದ್ದು ಅನ್ನಿಸುವುದು ಇದೇ. ಆದರೂ ಎರಡು ಮಿತಿ ನೆನಪಿರಲಿ. ಮಾಹಿತಿ ಬಂದದ್ದು ಮುಖ್ಯವಾಗಿ ಯುರೋಪಿಯನ್ ಮೂಲದವರಿಂದ. ಜೊತೆಗೆ, ಜೀನು ಹೇಳುವುದು ಜೀವಮಾನವಿಡೀ ಮಟ್ಟ ಸ್ವಲ್ಪ ಕಡಿಮೆ ಇದ್ದರೆ ಏನಾಗುತ್ತದೆ ಎಂಬುದನ್ನು. ಕಣ್ಣು ಕೆಂಪಾದ ಮೇಲೆ ಎಂಟು ವಾರ ಮಾತ್ರೆ ನುಂಗಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅದು ಮುಟ್ಟುವುದೇ ಇಲ್ಲ.

ಮಾತ್ರೆ ಕೊಟ್ಟು ನೋಡಿದಾಗ

ಕೊಟ್ಟು ನೋಡಿದ ದೊಡ್ಡ ಪರೀಕ್ಷೆ ಎಂದರೆ ಅಮೆರಿಕದ ವೈಟಲ್. 25,871 ಜನ, ಗಂಡಸರು 50 ದಾಟಿದವರು, ಹೆಂಗಸರು 55 ದಾಟಿದವರು. ಅರ್ಧ ಜನರಿಗೆ ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ, ಉಳಿದರ್ಧಕ್ಕೆ ಹಾಗೇ ಕಾಣುವ ಖಾಲಿ ಮಾತ್ರೆ. ಸುಮಾರು ಐದು ವರ್ಷದ ಕೊನೆಗೆ ಸಂಧಿವಾತ, ಸೋರಿಯಾಸಿಸ್, ಥೈರಾಯ್ಡ್‌ನಂಥ ಆಟೊಇಮ್ಯೂನ್ ಕಾಯಿಲೆಗಳು, ಅಂದರೆ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿ ಬೀಳುವ ಕಾಯಿಲೆಗಳು, ವಿಟಮಿನ್ ಗುಂಪಿನಲ್ಲಿ 123 ಜನರಿಗೆ, ಖಾಲಿ ಮಾತ್ರೆ ಗುಂಪಿನಲ್ಲಿ 155 ಜನರಿಗೆ ಬಂದಿದ್ದವು. ಶೇಕಡಾ 22ರಷ್ಟು ಇಳಿಕೆ ಎಂದು ತಲೆಬರಹಗಳು ಬಂದವು.

ಈ ಲೆಕ್ಕವನ್ನು ಬೇರೆ ರೀತಿ ಹೇಳಿದರೆ: ಸಾವಿರ ಜನ ಐದು ವರ್ಷ ದಿನಾ ಮಾತ್ರೆ ನುಂಗಿದಾಗ ಎರಡು ಮೂರು ಜನರಿಗೆ ಕಾಯಿಲೆ ತಪ್ಪಿತು. ಲಾಭ ಸಣ್ಣದು, ಆದರೆ ನಿಜವಾದದ್ದು. ಪರೀಕ್ಷೆ ಮುಗಿದು ಎರಡು ವರ್ಷ ಕಳೆದ ಮೇಲೆ ಮತ್ತೆ ನೋಡಿದಾಗ ಆ ಲಾಭ ಉಳಿದಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಇವರು ಕಾಯಿಲೆ ಬರುವ ಮುಂಚೆ ಮಾತ್ರೆ ತೆಗೆದುಕೊಂಡವರು. ಪರೀಕ್ಷಿಸಿದ್ದು ತಡೆಯುವ ಶಕ್ತಿಯನ್ನು, ಗುಣಪಡಿಸುವ ಶಕ್ತಿಯನ್ನಲ್ಲ.

ಯುವಿಯೈಟಿಸ್ ಅಪರೂಪದ ಕಾಯಿಲೆ, ಅದರಲ್ಲಿ ಒಳ್ಳೆಯ ಪರೀಕ್ಷೆ ಮಾಡಲಾಗದು ಎಂದು ಕೆಲವರು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. 2019ರಲ್ಲಿ ಫಲಿತಾಂಶ ಬಂದ ಫಾಸ್ಟ್ ಎಂಬ ಪರೀಕ್ಷೆಯಲ್ಲಿ 216 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಮತ್ತು ಮೈಕೊಫೆನೊಲೇಟ್ ಎಂಬ ಎರಡು ಔಷಧಗಳನ್ನು ಹೋಲಿಸಿದರು. ತಮಿಳುನಾಡಿನ ಅರವಿಂದ್ ಕಣ್ಣಾಸ್ಪತ್ರೆಗಳೂ ಅದರಲ್ಲಿದ್ದವು. ಹಳೆಯ, ಅಗ್ಗದ ಮೆಥೊಟ್ರೆಕ್ಸೇಟ್ ಇನ್ನೊಂದಕ್ಕಿಂತ ಏನೂ ಕಡಿಮೆಯಲ್ಲ ಎಂದು ಗೊತ್ತಾಯಿತು. ನಮ್ಮಂಥ ದೇಶದ ರೋಗಿಗಳಿಗೆ ಅದು ದೊಡ್ಡ ಸಮಾಧಾನ. ವಿಟಮಿನ್ ಡಿಗೆ ಇಂಥ ದೊಡ್ಡ ಪರೀಕ್ಷೆಯ ಬೆಂಬಲ ಇನ್ನೂ ಸಿಕ್ಕಿಲ್ಲ.

ಸಂಖ್ಯೆಗಳ ಜಗಳ

ಎಂಡೋಕ್ರೈನ್ ಸೊಸೈಟಿ 2011ರಲ್ಲಿ, ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರ್‌ಗೆ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕೊರತೆ, 30ರ ಮೇಲಿದ್ದರೆ ಸಾಕು ಎಂದು ಗೆರೆ ಎಳೆದಿತ್ತು. 2024ರಲ್ಲಿ ಅದೇ ಸಂಸ್ಥೆ ಆ ಗೆರೆಗಳನ್ನು ಕೈಬಿಟ್ಟಿತು. ಆದರೂ ಲ್ಯಾಬ್ ರಿಪೋರ್ಟುಗಳಲ್ಲಿ ಹಳೆಯ ಗೆರೆಗಳೇ ಮುಂದುವರಿದಿವೆ. 27 ಇದ್ದರೂ ಕೆಂಪಕ್ಷರದಲ್ಲಿ ಮುದ್ರಿಸಿ ಕೊಡುವುದನ್ನು ನೋಡಿ ಜನ ಹೆದರುತ್ತಾರೆ.

ಹೊಸ ಮಾರ್ಗಸೂಚಿ ಬೇರೆ ಕಾರಣವಿಲ್ಲದ, ಆರೋಗ್ಯವಂತ ಜನರಿಗಾಗಿ ಬರೆದದ್ದು. ಯುವಿಯೈಟಿಸ್ ಇರುವವರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಅದರ ವ್ಯಾಪ್ತಿಯಲ್ಲಿ ಬರುವುದಿಲ್ಲ. ಅವರಿಗೆ ಡಾಕ್ಟರು ಪರೀಕ್ಷೆ ಬರೆದುಕೊಟ್ಟರೆ ಅದರಲ್ಲಿ ತಪ್ಪೇನಿಲ್ಲ. ಮೊದಲಲ್ಲಿ ಹೇಳಿದ ಎರಡು ಸುದ್ದಿಗಳ ನಡುವಿನ ವಿರೋಧ ಇಲ್ಲಿಗೆ ಕರಗುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರು ಇನ್ನೊಂದನ್ನು ಗಮನಿಸಬೇಕು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ರಿಪೋರ್ಟು ಬರುವುದು ನ್ಯಾನೋಮೋಲ್ ಲೆಕ್ಕದಲ್ಲಿ. ಮೆಲ್ಬರ್ನ್‌ನ 50 ಎಂದರೆ ಮೈಸೂರಿನ 20. ಅಲ್ಲಿನ ಸಂಖ್ಯೆಯನ್ನು ಎರಡೂವರೆಯಿಂದ ಭಾಗಿಸದೆ ಊರಿನವರ ರಿಪೋರ್ಟಿನ ಜೊತೆ ಹೋಲಿಸಬಾರದು.

ಅರವತ್ತು ಸಾವಿರದ ಸ್ಯಾಶೆ

ನಮ್ಮಲ್ಲಿ ವಿಟಮಿನ್ ಡಿ ಎಂದರೆ 60,000 ಯೂನಿಟ್ಟಿನ ಸ್ಯಾಶೆ ಅಥವಾ ಮಾತ್ರೆ. ವಾರಕ್ಕೊಂದರಂತೆ ಎಂಟು ವಾರ, ಹಾಲಿನಲ್ಲಿ ಕಲಸಿ ಕುಡಿಯಿರಿ ಎಂದು ಬರೆದುಕೊಡುವುದು ರೂಢಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ವಯಸ್ಕರಿಗೆ ಹೇಳಿದ ದಿನದ ಪ್ರಮಾಣ 600 ಯೂನಿಟ್. ಅಂದರೆ ಒಂದು ಸ್ಯಾಶೆ ನೂರು ದಿನದ ಪ್ರಮಾಣಕ್ಕೆ ಸಮ. ಕೊರತೆ ಇದ್ದವರಿಗೆ ವಾರಕ್ಕೊಂದು ಸರಿಯೇ. ಆದರೆ ‘ವಾರಕ್ಕೊಂದು’ ಎಂದದ್ದನ್ನು ‘ದಿನಕ್ಕೊಂದು’ ಎಂದು ತಿಳಿದು, ಅಥವಾ ಎಂಟು ವಾರ ಮುಗಿದ ಮೇಲೂ ಮೆಡಿಕಲ್ಸ್‌ನಿಂದ ತಂದು ತಂದು ನುಂಗಿ ಆಸ್ಪತ್ರೆ ಸೇರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ಮಲಬದ್ಧತೆ, ಪದೇ ಪದೇ ಮೂತ್ರ, ಮಂಕು ಕವಿಯುವುದು, ಕೊನೆಗೆ ಕಿಡ್ನಿಗೆ ಪೆಟ್ಟು. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗಿ ಕೂರುವುದರಿಂದ ನಿಲ್ಲಿಸಿದ ಮೇಲೂ ವಾರಗಟ್ಟಲೆ ಕಾಟ ಕೊಡುತ್ತದೆ.

ಕಣ್ಣಿಗೂ ಇದರ ಪೆಟ್ಟು ಬೀಳುತ್ತದೆ. ಕ್ಯಾಲ್ಸಿಯಂ ಬಹುಕಾಲ ಏರಿದ್ದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ ಬೆಳ್ಳಗಿನ ಪಟ್ಟಿಯಾಗಿ ಕೂರುತ್ತದೆ, ಅದಕ್ಕೆ ಬ್ಯಾಂಡ್ ಕೆರಟೋಪತಿ ಎನ್ನುತ್ತಾರೆ. ದೀರ್ಘಕಾಲದ ಯುವಿಯೈಟಿಸ್, ಅದರಲ್ಲೂ ಸಂಧಿವಾತದ ಮಕ್ಕಳ ಯುವಿಯೈಟಿಸ್ ಕೂಡ ಇದೇ ಪಟ್ಟಿಯನ್ನು ತರುತ್ತದೆ. ಮೊದಲೇ ಅಪಾಯದಲ್ಲಿರುವ ಕಣ್ಣಿಗೆ ಹೆಚ್ಚುವರಿ ಕ್ಯಾಲ್ಸಿಯಂ ಹೊರೆ ಯಾಕೆ ಬೇಕು?

ಬಿಸಿಲಿನ ಬಗ್ಗೆಯೂ ಒಂದು ಮಾತು. ಎಳೆಬಿಸಿಲು ಮೈಗೆ ಹಿತ, ಆದರೆ ಅದರಲ್ಲಿ ಯುವಿ-ಬಿ ತೀರಾ ಕಡಿಮೆ. ಬೆಳಿಗ್ಗೆ ಹತ್ತೂವರೆ, ಹನ್ನೊಂದರಿಂದ ಮಧ್ಯಾಹ್ನ ಎರಡರವರೆಗಿನ ಬಿಸಿಲಿನಲ್ಲಿ ಅದು ಚೆನ್ನಾಗಿ ಸಿಗುತ್ತದೆ. ಕಿಟಕಿ ಗಾಜಿನ ಮೂಲಕ ಬರುವುದೇ ಇಲ್ಲ. ಬಿಸಿಲು ಬೀಳಬೇಕಾದ್ದು ಕೈಕಾಲು, ಬೆನ್ನಿಗೆ. ಯುವಿಯೈಟಿಸ್ ಇರುವವರು ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡೇ ಕೂರಬಹುದು. ಕಣ್ಣಿಗೆ ಒಳ್ಳೆಯದು ಎಂದು ಸೂರ್ಯನನ್ನೇ ದಿಟ್ಟಿಸುವ ಅಭ್ಯಾಸ ಮಾತ್ರ ಖಂಡಿತ ಬೇಡ, ಅದು ರೆಟಿನಾವನ್ನು ಸುಡುತ್ತದೆ.

ಸಾರ್ಕಾಯ್ಡೋಸಿಸ್ ಇದ್ದರೆ ಲೆಕ್ಕವೇ ತಿರುಗುಮುರುಗು

ಸುದ್ದಿಗಳಲ್ಲಿ ಎಲ್ಲೂ ಕಾಣದ, ಆದರೆ ರೋಗಿಗಳಿಗೆ ತುಂಬಾ ಮುಖ್ಯವಾದ ವಿಷಯ ಇದು. ಸಾರ್ಕಾಯ್ಡೋಸಿಸ್ ಯುವಿಯೈಟಿಸ್ ತರುವ ಕಾಯಿಲೆಗಳಲ್ಲೊಂದು. ಅದರಲ್ಲಿ ರಕ್ಷಣಾ ಕೋಶಗಳು ಸಣ್ಣ ಸಣ್ಣ ಗಂಟುಗಳಾಗಿ ಸೇರುತ್ತವೆ, ಗ್ರಾನುಲೋಮಾ ಎನ್ನುತ್ತಾರೆ. ಈ ಗಂಟುಗಳು ಕಿಡ್ನಿಯ ಅಪ್ಪಣೆಗೆ ಕಾಯದೆ ಕ್ಯಾಲ್ಸಿಟ್ರಿಯಾಲ್ ತಯಾರಿಸುತ್ತಲೇ ಹೋಗುತ್ತವೆ. ಕಚ್ಚಾರೂಪ ಹೀಗೆ ಖರ್ಚಾಗುವುದರಿಂದ, ಅದನ್ನೇ ಅಳೆಯುವ ಮಾಮೂಲಿ ಪರೀಕ್ಷೆಯಲ್ಲಿ ‘ಕೊರತೆ’ ಎಂದು ಬರಬಹುದು. ಒಳಗೆ ನೋಡಿದರೆ ಹಾರ್ಮೋನ್ ಜಾಸ್ತಿಯೇ ಇರುತ್ತದೆ. ಆ ರಿಪೋರ್ಟು ನೋಡಿ 60,000 ಯೂನಿಟ್ ಕೊಟ್ಟರೆ ಗಂಟುಗಳಿಗೆ ಕಚ್ಚಾಮಾಲು ಒದಗಿಸಿದ ಹಾಗಾಗಿ, ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಟಿ.ಬಿ.ಯಲ್ಲೂ ಇಂಥದೇ ಗಂಟುಗಳು ಇರುವುದರಿಂದ ಅಲ್ಲೂ ಕೆಲವೊಮ್ಮೆ ಹೀಗಾಗುತ್ತದೆ.

ಭಾರತದಲ್ಲಿ ಕಣ್ಣಿನ ಟಿ.ಬಿ. ಅಪರೂಪವೇನಲ್ಲ. ಅದಕ್ಕೇ ಯುವಿಯೈಟಿಸ್ ಎಂದ ಕೂಡಲೇ ಡಾಕ್ಟರು ಎದೆಯ ಎಕ್ಸ್‌ರೇ ಅಥವಾ ಸಿ.ಟಿ. ಸ್ಕ್ಯಾನ್, ಟಿ.ಬಿ.ಗಾಗಿ ಚರ್ಮದ ಮೇಲೆ ಮಾಡುವ ಮಾಂಟು ಪರೀಕ್ಷೆ, ರಕ್ತಪರೀಕ್ಷೆ ಬರೆಯುತ್ತಾರೆ. ಕಣ್ಣಿನ ನೋವಿಗೆ ಎದೆಯ ಫೋಟೋ ಯಾಕೆ ಎಂದು ಮನೆಯವರಿಗೆ ಅನುಮಾನ ಬರುತ್ತದೆ. ಕಾರಣ ಇದೇ. ಈ ಪರೀಕ್ಷೆಗಳ ಫಲಿತಾಂಶ ಬರುವ ಮುಂಚೆ, ಕ್ಯಾಲ್ಸಿಯಂ ಎಷ್ಟಿದೆ ಎಂದು ನೋಡದೆ, ಸ್ವಂತಕ್ಕೆ ದೊಡ್ಡ ಡೋಸ್ ವಿಟಮಿನ್ ಡಿ ಶುರು ಮಾಡಬಾರದು.

ಹಾಗಾದರೆ ಚೀಟಿಯಲ್ಲಿ ಆ ಮಾತ್ರೆ ಯಾಕಿದೆ?

ಯುವಿಯೈಟಿಸ್ ರೋಗಿಗಳ ಚೀಟಿಯಲ್ಲಿ ಎಷ್ಟೋ ಸಲ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆ ಇದ್ದೇ ಇರುತ್ತದೆ. ಗೊಂದಲ ಹುಟ್ಟುವ ಇನ್ನೊಂದು ಜಾಗ ಇದು. ಸೋಂಕಿಲ್ಲದ ಯುವಿಯೈಟಿಸ್‌ಗೆ ಮೊದಲ ಮದ್ದು ಸ್ಟೀರಾಯ್ಡ್. ಮುಂಭಾಗದಲ್ಲಿದ್ದರೆ ಪ್ರೆಡ್ನಿಸೊಲೋನ್ ಹನಿ, ಐರಿಸ್ ಅಂಟದ ಹಾಗೆ ಪಾಪೆ ಹಿಗ್ಗಿಸುವ ಹನಿ. ಹಿಂಭಾಗದಲ್ಲಿದ್ದರೆ ಸ್ಟೀರಾಯ್ಡ್ ಮಾತ್ರೆ, ಬಹುಕಾಲ ಬೇಕಾದರೆ ಮೆಥೊಟ್ರೆಕ್ಸೇಟ್, ಅದಕ್ಕೂ ಬಗ್ಗದಿದ್ದರೆ ಅಡಲಿಮುಮಾಬ್ ಇಂಜೆಕ್ಷನ್. ಸ್ಟೀರಾಯ್ಡ್ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ಮೂಳೆ ಸವೆಯುತ್ತದೆ. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಡುವುದು ಆ ಮೂಳೆಯನ್ನು ಕಾಯಲು.

ಇದನ್ನು ಬಿಡಿಸಿ ಹೇಳದಿದ್ದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಸ್ಟೀರಾಯ್ಡ್ ಎಂದರೆ ಜನರಿಗೆ ಭಯ, ವಿಟಮಿನ್ ಎಂದರೆ ನಂಬಿಕೆ. ಕಣ್ಣಿಗೆ ವಿಟಮಿನ್ ಡಿ ಒಳ್ಳೆಯದು ಎಂಬ ಸುದ್ದಿ ಓದಿದವರು ಸ್ಟೀರಾಯ್ಡ್ ಬಿಟ್ಟು ವಿಟಮಿನ್ ಉಳಿಸಿಕೊಳ್ಳುತ್ತಾರೆ. ಇದರ ಪರಿಣಾಮ ಎರಡು ಪಟ್ಟು ಕೆಟ್ಟದ್ದು. ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಉರಿಯೂತ ಮರುಕಳಿಸುವುದು ಒಂದು. ಬಹುಕಾಲ ಸ್ಟೀರಾಯ್ಡ್ ಪಡೆದ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ, ಬಿ.ಪಿ. ಕುಸಿದು ಜೀವಕ್ಕೇ ಬರಬಹುದು ಎಂಬುದು ಇನ್ನೊಂದು. ಡೋಸನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು ಇದಕ್ಕೇ.

ಮುಂದೆ ಯಾವ ಸುದ್ದಿಗೆ ಕಿವಿಗೊಡಬೇಕು?

ಕೊರತೆ ಇದ್ದರೆ ಅದನ್ನು ಡಾಕ್ಟರು ಹೇಳಿದ ಪ್ರಮಾಣದಲ್ಲಿ ತುಂಬಿಸಿಕೊಳ್ಳಲು ಮೂಳೆಯ ಕಾರಣವೊಂದೇ ಸಾಕು. ಅದರಿಂದ ಕಣ್ಣಿಗೂ ಒಂದಷ್ಟು ನೆರವಾಗುವ ಸಾಧ್ಯತೆ ಇದೆ ಎಂಬುದು ಈಗಿನ ಸಾಕ್ಷ್ಯ ನೋಡಿದರೆ ಒಪ್ಪಬಹುದಾದ ಮಾತು. ನೆರವಾಗಿಯೇ ಆಗುತ್ತದೆ ಎನ್ನಲು ಬೇಕಾದ್ದು ಇನ್ನೊಂದು ಬಗೆಯ ಪರೀಕ್ಷೆ. ಸೋಂಕಿಲ್ಲದ ಯುವಿಯೈಟಿಸ್ ಇರುವ, ವಿಟಮಿನ್ ಡಿ ನಿಜವಾಗಿಯೂ ಕಡಿಮೆ ಇರುವ ರೋಗಿಗಳನ್ನು ಆರಿಸಬೇಕು. ಸಾರ್ಕಾಯ್ಡೋಸಿಸ್, ಟಿ.ಬಿ. ಇರುವವರನ್ನು ಹೊರಗಿಡಬೇಕು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ ಕೊಡುತ್ತಲೇ, ಅರ್ಧ ಜನರಿಗೆ ಕೊರತೆ ಪೂರ್ತಿ ತುಂಬುವಷ್ಟು ವಿಟಮಿನ್ ಕೊಟ್ಟು, ಒಂದೆರಡು ವರ್ಷದಲ್ಲಿ ಕಾಯಿಲೆ ಎಷ್ಟು ಸಲ ಮರುಕಳಿಸಿತು, ಸ್ಟೀರಾಯ್ಡ್ ಎಷ್ಟು ಕಡಿಮೆ ಮಾಡಲು ಆಯಿತು ಎಂದು ಎಣಿಸಬೇಕು. ಕೊರತೆಯೂ ಯುವಿಯೈಟಿಸ್ ರೋಗಿಗಳೂ ಹೆಚ್ಚಿರುವ ದಕ್ಷಿಣ ಭಾರತದ ದೊಡ್ಡ ಕಣ್ಣಾಸ್ಪತ್ರೆಗಳು ಇಂಥ ಪರೀಕ್ಷೆ ನಡೆಸಲು ಸೂಕ್ತ ಜಾಗ. ಮಾತ್ರೆ ಅಗ್ಗ ಮತ್ತು ಪೇಟೆಂಟ್ ಇಲ್ಲದ್ದು, ಆದ್ದರಿಂದ ಕಂಪನಿಗಳು ಹಣ ಹಾಕುವುದು ಕಷ್ಟ. ಸರ್ಕಾರಿ ಸಂಶೋಧನಾ ಹಣವೇ ಬರಬೇಕು.